ದೊಡ್ಡಮ್ಮನಿಗೆ ಒಂದು ಪಟ್ಟಿ

ಎಣ್ಣೆಯಲ್ಲಿ ಏನೋ ಕರಿಯುತ್ತಿದ್ದಾರೆ, ನೀರಿನ ಜಾರುಬಂಡೆ ಕಡೆಯ ಕ್ಲೋರಿನ್ ವಾಸನೆಯನ್ನೂ ದಾಟಿಕೊಂಡು ಬಂದು ಮೂಗಿಗೆ ಬಡಿಯುತ್ತಿದೆ, ಒಳ್ಳೆಯ ವಾಸನೆ, ಒಳ್ಳೆಯದನ್ನು ಒಳ್ಳೆಯದು ಅನ್ನುವುದಕ್ಕೆ ಅವಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ — ಸಾಲು ಮುಂದೆ ಸರಿಯಿತು, ಅವಳೂ ಸರಿದಳು, ಕೌಂಟರಿನ ಮೇಲೆ ಬಾಗಿಲಗಲದ ಬೋರ್ಡು, ಒಮ್ಮೆ ದುಡ್ಡು ಕಟ್ಟಿ, ದಿನವಿಡೀ ಉಣ್ಣಿ, ಮೂರು ಊಟ, ಬೇಕಾದಷ್ಟು ಜ್ಯೂಸು, ಕೈಗೊಂದು ಹಳದಿ ಪಟ್ಟಿ. ಬೆನ್ನ ಹಿಂದೆ ತಂಗಿಯ ಗಂಡ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಾನೆ, ಇವಳದ್ದು ಡಯಟ್ಟು, ಪುಟ್ಟಿ ಕೋಳಿಮರಿ ಥರ ಕುಕ್ತಾಳೆ, ನಾನೂ ಅಷ್ಟಕ್ಕಷ್ಟೇ, ಹಾಗೆ ನೋಡಿದ್ರೆ ಈ ಪ್ಲಾನು ಗಿಟ್ಟಲ್ಲ, ಆದ್ರೆ ಅಕ್ಕ ಇದಾರಲ್ಲ, ಅಕ್ಕ ಇದ್ರೆ ಲುಕ್ಸಾನಾಗೋ ಮಾತೇ ಇಲ್ಲ, ನಮ್ಮೆಲ್ಲರ ದುಡ್ಡನ್ನೂ ಒಬ್ರೇ ವಸೂಲಿ ಮಾಡಿಬಿಡ್ತಾರೆ — ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ, ಅಯ್ಯೋ ಸುಮ್ನಿರಿ ಅನ್ನುತ್ತಾಳೆ, ಸುಮ್ಮನಿರಿ ಅನ್ನುವವರು ಹೀಗೆ ನಗುವುದಿಲ್ಲ. ಅವಳೂ ನಗಬೇಕಿತ್ತು. ಇಷ್ಟು ವರ್ಷ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ, ಇನ್ನೊಬ್ಬರು ಎಸೆಯುವ ಮುಂಚೆ ಕಲ್ಲನ್ನು ತಾನೇ ತಲೆ ಮೇಲೆ ಹಾಕಿಕೊಂಡರೆ ಪೆಟ್ಟು ಸ್ವಲ್ಪ ಕಡಿಮೆ ಅಂತ, ಕಡಿಮೆಯೇನೂ ಆಗಲಿಲ್ಲ, ಎಸೆಯುವವರಿಗೆ ಕೈ ನೋಯುವುದು ತಪ್ಪಿತು ಅಷ್ಟೆ. ತಂಗಿಯ ಮಗಳು ಹುಟ್ಟಿದಾಗ ಅಕ್ಕನಾದವಳು ದೊಡ್ಡಮ್ಮ ಆಗುವುದು ಲೋಕರೂಢಿ, ಆದರೆ ಇವರ ಬಾಯಲ್ಲಿ ಆ ದೊಡ್ಡ ಅನ್ನುವುದಕ್ಕೆ ಸ್ವಲ್ಪ ಹೆಚ್ಚೇ ಒತ್ತು ಬೀಳುತ್ತದೆ, ದೊ — ಡ್ಡಮ್ಮ, ಬಿದ್ದರೆ ಬೀಳಲಿ, ಅವಳ ಕೆಲಸವೇ ಲಾರಿ ತೂಗುವುದು, ವೇಬ್ರಿಡ್ಜಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಖಾಲಿ ಲಾರಿ ಎಷ್ಟು, ತುಂಬಿದ ಲಾರಿ ಎಷ್ಟು ಅಂತ ಮೈಕಿನಲ್ಲಿ ಕೂಗಿ ಹೇಳುವುದು, ಲಾರಿಗೆ ಅದರಿಂದ ಬೇಜಾರಿಲ್ಲ, ಹೊರೆ ಹೊರಲೆಂದೇ ಇರುವ ಗಾಡಿ, ಹೊರುತ್ತದೆ, ಹೋಗುತ್ತದೆ.

ಒಂದು ಸಲ ಸಂಬಂಧ ಮಾತಾಡಲು ಬಂದ ಹೆಂಗಸು, ಹುಡುಗನ ಸೋದರತ್ತೆ, ಹೆಣ್ಣಾಗಿ ಕೂತ ಅವಳು ತಟ್ಟೆಯಿಂದ ಬಿಸ್ಕತ್ತು ಎತ್ತಿದಾಗಲೆಲ್ಲ ಕಣ್ಣಲ್ಲೇ ಎಣಿಸುತ್ತಿದ್ದಳು, ಅಮ್ಮ ಮೇಜಿನ ಕೆಳಗಿಂದ ಕಾಲು ಒತ್ತಿದಳು, ಸಾಕು ಕಣೇ, ಆ ಒತ್ತಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಅವಳು ಇನ್ನೊಂದು ಎತ್ತಿ, ಚಹಾಕ್ಕೆ ಅದ್ದಿ, ಆ ಅತ್ತೆಯ ಮುಖ ನೋಡುತ್ತಲೇ ತಿಂದಳು. ಸಂಬಂಧ ಮುರಿಯಿತು, ಬಿಸ್ಕತ್ತು ಮಾತ್ರ ಚೆನ್ನಾಗಿತ್ತು. ಊಟ ತನ್ನಿಚ್ಛೆ ನೋಟ ಪರರಿಚ್ಛೆ ಅನ್ನುತ್ತಾರಲ್ಲ, ಗಾದೆ ಮಾಡಿದವನು ಅವಳನ್ನು ಬಿಟ್ಟು ಮಾಡಿದ, ಅವಳ ಊಟವೂ ಪರರಿಚ್ಛೆ, ಕಡಿಮೆ ತಿಂದರೆ ನಾಟಕ, ಜಾಸ್ತಿ ತಿಂದರೆ ತಮಾಷೆ, ಈಗ ನೋಡಿದರೆ ಲಾಭ — ಸಾಲು ಸರಿಯಿತು. ಪುಟ್ಟಿ ಪಕ್ಕದಲ್ಲೇ ನಿಂತಿದ್ದಾಳೆ, ಬಿಸಿಲಲ್ಲೂ ಉದ್ದ ತೋಳಿನ ಅಂಗಿ, ಅಪ್ಪನ ಜೋಕಿಗೆ ನಗದವಳು ಅವಳೊಬ್ಬಳೇ. ಹೋದ ತಿಂಗಳು ಒಗೆಯಲೆಂದು ಇವಳ ಕೋಟು ತೆಗೆದರೆ ಜೇಬಿನಲ್ಲಿ ಟಿಶ್ಯೂ ಉಂಡೆ, ಒಳಗೆ ಹಿಂದಿನ ದಿನದ ಬ್ರೆಡ್ಡು, ತಿಂದೆ ಅಂತ ಎಲ್ಲರಿಗೂ ಹೇಳಿದ್ದ ಬ್ರೆಡ್ಡು, ಕೇಳಿದ್ದಕ್ಕೆ ಗೋಡೆಗೆ ಹೇಳಿದ ಹಾಗೆ ಹೇಳಿದಳು, ಹೀಗೇ ತಿಂತಿದ್ರೆ ದೊಡ್ಡಮ್ಮನ ಥರ ಆಗ್ತೀಯ ಅಂತ ಅಮ್ಮ ಹೇಳ್ತಾಳೆ. ಆ ರಾತ್ರಿ ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆ ಬಂತು, ಅದಕ್ಕೇ ಈಗ ಸಿಟ್ಟು, ನಾಚಿಕೆ ಬಂದದ್ದಕ್ಕೆ ಸಿಟ್ಟು, ಒಂದು ಮಗುವಿಗೆ ತೋರಿಸಿ ಹೆದರಿಸುವ ಗುಮ್ಮ ತಾನು ಅಂತ ಒಂದು ರಾತ್ರಿ ಒಪ್ಪಿಕೊಂಡುಬಿಟ್ಟಿದ್ದಕ್ಕೆ. ಎಷ್ಟು ಜನಕ್ಕೆ ಮೇಡಂ, ಕೌಂಟರಿನ ಹುಡುಗಿ ಕೇಳುತ್ತಿದ್ದಾಳೆ. ನಾಲ್ಕು, ಹಿಂದಿನಿಂದ ಅವನು. ಒಂದು, ಅವಳು. ಒಂದಾ? ಒಂದೇ, ನನಗೆ ಮಾತ್ರ, ನಿಮಗೆ ಹಸಿವಾದಾಗ ನೀವು ಕೊಂಡು ತಿನ್ನಿ. ಅಲ್ಲ ಅಕ್ಕ, ನಾನು ತಮಾಷೆಗೆ ಅಂದೆ. ಲೆಕ್ಕ ಸರಿಯಾಗೇ ಹಾಕಿದ್ದೀರಿ, ನಾನು ತಿಂದ್ರೆ ದುಡ್ಡು ಉಳಿಯುತ್ತೆ, ಆದ್ರೆ ನಾನು ತಿಂದು ಉಳಿಸೋದು ನನಗೇ ಉಳೀಲಿ. ತಂಗಿ ಮೆಲ್ಲಗೆ, ಎಲ್ಲರೆದುರು ಯಾಕೆ ಹೀಗೆ ಮಾಡ್ತೀಯೇ? ಅವರು ಎಲ್ಲರೆದುರು ಅಂದದ್ದಕ್ಕೇ ಎಲ್ಲರೆದುರು. ಹಳದಿ ಪಟ್ಟಿ ಮಣಿಕಟ್ಟಿಗೆ ಬಂತು, ತಣ್ಣಗಿತ್ತು.

ಊಟದ ಹಾಲಿನಲ್ಲಿ ಮೂಲೆ ಮೇಜು ಖಾಲಿ ಇತ್ತು, ಎಲ್ಲಿಗೆ ಹೋದರೂ ಮೂಲೆಯಲ್ಲೇ ಕೂರುತ್ತಿದ್ದಳು, ಇವತ್ತು ನಟ್ಟನಡುವೆ, ಕೈ ಇರುವ ಕುರ್ಚಿಯನ್ನು ಆಚೆ ತಳ್ಳಿ, ಕೈ ಇಲ್ಲದ್ದನ್ನು ಎಳೆದುಕೊಂಡು, ಅದರ ಕಾಲು ನೆಲಕ್ಕೆ ಕೀರ್ ಅಂದಿತು, ನಾಲ್ಕು ತಲೆ ತಿರುಗಿದವು, ತಿರುಗಲಿ. ಟ್ರೇ ತುಂಬ ಹುರಿದ ಕೋಳಿ, ಬಿಸಿ ಸೂಪು, ಬೆಣ್ಣೆ ಸವರಿದ ಬ್ರೆಡ್ಡು, ಆತುರವಿಲ್ಲದೆ ತಿಂದಳು, ಉಪ್ಪು ಹದವಾಗಿದೆ, ಕೋಳಿಯ ಚರ್ಮ ಗರಿಗರಿ, ತಿನ್ನುವಾಗ ಯಾರೂ ಎಣಿಸದಿದ್ದರೆ ರುಚಿ ಎಷ್ಟು ಹೊತ್ತು ನಾಲಿಗೆ ಮೇಲೆ ಉಳಿಯುತ್ತದೆ — ಎದುರಿನ ಕುರ್ಚಿ ಸರಿಯಿತು, ಪುಟ್ಟಿ. ಅಪ್ಪ ಅಮ್ಮ ಎಲ್ಲಿ? ದೋಣಿ ಸವಾರಿಗೆ ಹೋದ್ರು, ನಂಗೆ ತಲೆ ತಿರುಗುತ್ತೆ ಅಂದೆ. ಸುಳ್ಳಲ್ಲ, ಖಾಲಿ ಹೊಟ್ಟೆಗೆ ತಿರುಗದೆ ಇನ್ನೇನು. ಹುಡುಗಿ ಟ್ರೇ ನೋಡಿದಳು, ಅವಳ ಬಾಯಿ ನೋಡಿದಳು, ದೊಡ್ಡಮ್ಮ, ಎಲ್ರೂ ನೋಡ್ತಾರೆ, ನಿಂಗೆ ನಾಚಿಕೆ ಆಗಲ್ವಾ? ಆಗ್ತಿತ್ತು ಕಣೆ. ಈಗ? ಈಗ ಹಸಿವಾಗಿದೆ. ಪುಟ್ಟಿಯ ಮೂಗಿನಿಂದ ಒಂದು ಉಸಿರು ಹೊರಬಂತು, ನಗುವೋ ಏನೋ, ಅವಳು ತನ್ನ ಬ್ರೆಡ್ಡಿನ ತಟ್ಟೆಯನ್ನು ನಡುವೆ ತಳ್ಳಿದಳು, ತಿನ್ನು ಅನ್ನಲಿಲ್ಲ, ತಿನ್ನು ಅನ್ನುವ ಮಾತನ್ನು ಆ ಮಗು ಬೇಕಾದಷ್ಟು ಕೇಳಿದೆ, ಬೇಡ ಅನ್ನುವುದನ್ನೂ. ಗೋಡೆಯ ಮೇಲೆ ಬರೆದಿದೆ, ಒಂದು ಪಟ್ಟಿ ಒಬ್ಬರಿಗೆ, ಹಂಚಿಕೊಂಡರೆ ದಂಡ, ಬಾಗಿಲ ಬಳಿಯ ಕಾವಲುಗಾರ ಇತ್ತಲೇ ನೋಡುತ್ತಿದ್ದಾನೆ, ಬರಲಿ, ದಂಡ ಕಟ್ಟಿದರೆ ಪ್ಲಾನಿನಲ್ಲಿ ಉಳಿಯುವುದೂ ಹೋಗುತ್ತದೆ, ಕೈಯಿಂದಲೂ ಹೋಗುತ್ತದೆ, ಹೋಗಲಿ, ಅವನನ್ನೇ ದಿಟ್ಟಿಸಿದಳು, ಅವನು ಕತ್ತು ತಿರುಗಿಸಿದ — ಪುಟ್ಟಿ ಬ್ರೆಡ್ಡಿನ ಮೂಲೆ ಮುರಿದಿದ್ದಾಳೆ, ಬಾಯಿಗೆ ಹಾಕಿದ್ದಾಳೆ, ನೋಡಬಾರದು, ಎಣಿಸಬಾರದು, ಅವಳು ಸೂಪಿಗೆ ಕಣ್ಣು ಇಳಿಸಿದಳು, ಆದರೂ ಕಾಣಿಸುತ್ತದೆ, ಆ ಸಣ್ಣ ದವಡೆ, ನಿಂತಿತು, ಉಗುಳುತ್ತಾಳೋ, ಇಲ್ಲ, ಮತ್ತೆ ಆ ದವಡೆ, ಕಿವಿಯ ಕೆಳಗೆ ಚರ್ಮದಡಿ ಏಳುತ್ತ ಇಳಿಯುತ್ತ, ತಂಗಿ ಕರೆಯುತ್ತಿರಬಹುದು, ಮೊಬೈಲು ನಡುಗುತ್ತಿದೆ, ನಡುಗಲಿ, ಆ ದವಡೆ, ಅಗಿಯುತ್ತಿದೆ, ಆ ದವಡೆ —