ಕಣ್ಣೊರೆಸುವ ಕೆಲಸ

ತಲೆವಸ್ತ್ರವನ್ನು ಇನ್ನೊಂದು ಸಲ ಹಿಂಡಿ ಮೂಗಿಗೆ ಹಿಡಿದಳು. ವಾಸನೆ ಹೋಗಿರಲಿಲ್ಲ. ಕಳೆಗೆ ಹೊಡೆಯುವ ಔಷಧಿ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ ಎಂದು ಗೊತ್ತಿದ್ದೂ ಮತ್ತೆ ಸೋಪು ಹಚ್ಚಿದಳು.

"ಎಷ್ಟೊತ್ತು ಒಗೀತೀಯೇ? ಬಟ್ಟೆ ಹರಿದು ಹೋಗುತ್ತೆ," ಎಂದ ಗಂಡ, ಒಳಗಿನಿಂದ.

"ಹರಿದ್ರೆ ಹರೀಲಿ. ನಿಮ್ಮ ಗಂಟೇನು ಹೋಯ್ತು?"

ಅವನು ನಕ್ಕ. ದಿನವೂ ನಗುವ ಹಾಗೆಯೇ, ಏನೂ ಆಗದವನ ಹಾಗೆ. ಅದನ್ನು ಕೇಳಿ ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಬಟ್ಟೆಯನ್ನು ಕಲ್ಲಿಗೆ ಬಡಿದಳು.

ಗಂಡ ಎಲೆಕೋಸಿನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮದುವೆಗೆ ಮೊದಲಿನಿಂದಲೂ ಅದೇ ಕೆಲಸ, ಅದೇ ಹೊಲ. ಹೋದ ವರ್ಷ ಧಣಿಗಳು ಟ್ರ್ಯಾಕ್ಟರಿನ ಹಿಂದೆ ಔಷಧಿ ಹೊಡೆಯುವ ಹೊಸ ಯಂತ್ರ ಕಟ್ಟಿಸಿದ್ದರು. ಎರಡೂ ಬದಿಗೆ ಉದ್ದನೆಯ ರೆಕ್ಕೆ, ರೆಕ್ಕೆಯುದ್ದಕ್ಕೂ ಪುಟ್ಟ ಪುಟ್ಟ ಕ್ಯಾಮೆರಾ. ಅವು ನೆಲ ನೋಡುತ್ತ ಹೋಗಿ, ಕೋಸು ಯಾವುದು ಕಳೆ ಯಾವುದು ಎಂದು ತಾವೇ ಕಂಡುಹಿಡಿದು, ಕಳೆಯ ಮೇಲಷ್ಟೇ ಪಿಚಕ್ಕೆಂದು ಔಷಧಿ ಉಗುಳಿಸುತ್ತಿದ್ದವು. ಟ್ರ್ಯಾಕ್ಟರಿನ ಮೂತಿಯ ಮೇಲಿದ್ದ ಇನ್ನೊಂದು ಕ್ಯಾಮೆರಾ ಸಾಲು ಹಿಡಿದು ಸ್ಟೀರಿಂಗನ್ನೂ ತಾನೇ ನಡೆಸುತ್ತಿತ್ತು. ಸಾಲಿನ ಕೊನೆಯಲ್ಲಿ ಬೀಪ್ ಎಂದಾಗ ಗಾಡಿ ತಿರುಗಿಸುವುದಷ್ಟೇ ಅವನ ಪಾಲಿಗೆ ಉಳಿದದ್ದು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು ಗಿಡಗಳು ಮಾತ್ರ. ಎದುರಿಗೆ ಮನುಷ್ಯರಿದ್ದರೆ ನೋಡಿ ನಿಲ್ಲಿಸುವುದು ಡ್ರೈವರನ ಕೆಲಸ.

ಧೂಳು ಕೂತರೆ ಕ್ಯಾಮೆರಾ ಮಂಕಾಗುತ್ತದೆಂದು, ಅವನ್ನು ಆಗಾಗ ಒರೆಸುವುದಕ್ಕೆ ಅವಳನ್ನು ಹಾಕಿದ್ದರು. ಗಿಡದ ಬುಡಕ್ಕೆ ಅಂಟಿಕೊಂಡ ಕಳೆಯನ್ನು ಕೈಯಲ್ಲಿ ಕೀಳುವ ಹೆಂಗಸರಿಗೆ ನಗುವುದಕ್ಕೆ ಅಷ್ಟು ಸಾಕಾಗಿತ್ತು. "ನಮ್ದು ಬೆನ್ನು ಮುರಿಯೋ ಕೆಲಸ, ಇವಳದ್ದು ನೋಡು, ಕಣ್ಣೊರೆಸೋ ಕೆಲಸ!" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳ ಸ್ವಂತ ಅಕ್ಕ. ಅಕ್ಕನಿಗೆ ಕಿವಿ ಮಂದ. ತನ್ನ ನಗು ಎಷ್ಟು ಜೋರೆಂದು ಪಾಪ ಅವಳಿಗೇ ತಿಳಿಯುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಹೆಂಗಸರೆಲ್ಲ ಊಟಕ್ಕೆ ಹೋಗಿದ್ದರು. ಅವಳು ಸಾಲಿನ ನಡುವೆ ಕೂತು ಅಂಗಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದಳು. ಗಾಡಿ ಎದುರಿನಿಂದ ಬಂತು. ಗಂಡನೇ ತಾನೇ, ನಿಲ್ಲಿಸುತ್ತಾನೆ ಎಂದು ಕೂತೇ ಇದ್ದಳು. ಹತ್ತಿರ ಬಂದಾಗ ಕೈ ಬೀಸಿದಳು. ಗಾಜಿನ ಹಿಂದೆ ಅವನ ಮುಖ ನೆಟ್ಟಗೆ ಅವಳ ಕಡೆಗೇ ಇತ್ತು. ಗಾಡಿ ನಿಲ್ಲಲಿಲ್ಲ. ಹೇಗೆ ಉರುಳಿದಳೋ ಅವಳಿಗೇ ಗೊತ್ತಿಲ್ಲ, ದೊಡ್ಡ ಚಕ್ರ ಮೊಣಕೈಯ ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದೆ ರೆಕ್ಕೆ ತಲೆಯ ಮೇಲೆ ಬಂದು ಪಿಚಕ್, ಪಿಚಕ್ ಎಂದಿತು. ತಲೆಗೆ ಹಸಿರು ವಸ್ತ್ರ ಕಟ್ಟಿದ್ದಳು. ಗಂಡನಿಗೆ ಕಾಣದವಳು ಕ್ಯಾಮೆರಾಕ್ಕೆ ಕಂಡಿದ್ದಳು, ಕಳೆಯಾಗಿ.

ಮೊದಲು ಅವಳಿಗೆ ಬಂದದ್ದು ಕೆಟ್ಟ ಯೋಚನೆಯೇ. ಬೆಳಿಗ್ಗೆ ಸಣ್ಣದಕ್ಕೆ ಜಗಳವಾಗಿತ್ತು. ಅಷ್ಟಕ್ಕೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಅವನ ಕತ್ತು ನೆನಪಾಯಿತು. ಬೇಸಿಗೆಯಿಂದ ಏನನ್ನು ನೋಡಬೇಕಾದರೂ ಕತ್ತು ಓರೆ ಮಾಡುತ್ತಿದ್ದ. ಕತ್ತು ಹಿಡಿದಿದೆ ಎಂದಿದ್ದ, ಅವಳು ನಂಬಿ ದಿನಾ ಎಣ್ಣೆ ತಿಕ್ಕಿದ್ದಳು. ಆ ಎಣ್ಣೆಯೆಲ್ಲ ದಂಡ.

ರಾತ್ರಿ ಊಟಕ್ಕೆ ಎದುರಿಗೆ ಕೂತು ಅವನನ್ನೇ ನೋಡಿದಳು. ತಡೆಯಲಾಗಲಿಲ್ಲ. ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ, ಸಣ್ಣ ಮಕ್ಕಳ ಹಾಗೆ ಅವನನ್ನು ಅಣಕಿಸಿದಳು.

"ನಿಮ್ಮಕ್ಕನ ಕಿವಿಗೆ ಮಷಿನ್ ಹಾಕಿಸ್ಬೇಕು ಕಣೇ," ಎಂದ ಅವನು ಗಂಭೀರವಾಗಿ. "ಆವಮ್ಮ ಹಾರ್ನ್ ಹೊಡೆದ್ರೂ ಏಳಲ್ಲ."

ನಾಲಿಗೆಯನ್ನು ಒಳಗೆ ತೆಗೆದುಕೊಂಡಳು.

"ಮಧ್ಯಾಹ್ನ ನನ್ನನ್ನ ನೋಡಿದ್ರಾ?"

"ನೋಡ್ದೇ ಏನು? ನೀನು ನೀರಿನ ಟ್ಯಾಂಕ್ ಹತ್ರ ನಿಂತಿದ್ದೆ."

ಟ್ಯಾಂಕಿನ ಹತ್ತಿರ ಅವಳು ಹೋಗಿಯೇ ಇರಲಿಲ್ಲ. "ಒಂದ್ಸಲ ಕಣ್ಣಿನ ಡಾಕ್ಟರ ಹತ್ರ ಹೋಗಿಬರೋಣ್ವಾ?" ಎಂದಳು.

"ನನ್ನ ಕಣ್ಣಿಗೇನು ಧಾಡಿ?" ತಟ್ಟೆ ದೂಡಿ ಎದ್ದ. "ನಾಳೆ ತುದಿ ಹೊಲ ಮುಗೀಬೇಕು. ಮಳೆ ಬರುತ್ತಂತೆ. ಹೆಂಗಸ್ರೂ ನಾನೂ ಒಟ್ಟಿಗೇ ಇಳೀಬೇಕು ಅಂದಿದಾನೆ ಮೇಸ್ತ್ರಿ."

ಒಟ್ಟಿಗೇ. ಇವನಿಗೆ ಕಣ್ಣು ಮಂದ, ಅಕ್ಕನಿಗೆ ಕಿವಿ ಮಂದ. ಮಲಗಿದರೂ ಮಗ್ಗುಲು ಬದಲಿಸುತ್ತಲೇ ಇದ್ದಳು. ಮೇಸ್ತ್ರಿಗೆ ಹೇಳಿದರೆ ನಾಳೆಯೇ ಇವನನ್ನು ಇಳಿಸುತ್ತಾರೆ. ಗಾಡಿಯಿಲ್ಲದೆ ಇವನು ಏನು? ಊರಿಗೆಲ್ಲ ಡ್ರೈವರಣ್ಣ ಎಂದು ಬಾಳಿದವನು. ಹೇಳದಿದ್ದರೆ ಅಕ್ಕ. ಯಾವ ಕಡೆ ಹೊರಳಿದರೂ ತಲೆಯಲ್ಲಿ ಔಷಧಿಯ ವಾಸನೆ.

ಬೆಳಿಗ್ಗೆ ಹೊಲದ ಮೇಲೆ ಮೋಡ ಕವಿದಿತ್ತು. ಹೆಂಗಸರು ಸಾಲುಗಳಲ್ಲಿ ಬಗ್ಗಿಯಾಗಿತ್ತು. ಗಾಡಿ ನಿಂತಿದ್ದ ಸಾಲಿನಲ್ಲೇ, ಸ್ವಲ್ಪ ಮುಂದೆ, ಅಕ್ಕ ಬೆನ್ನು ತಿರುಗಿಸಿ ಕೂತಿದ್ದಳು. ಮೇಸ್ತ್ರಿ ರಸ್ತೆಯಿಂದಲೇ "ಹೊರಡ್ಸಣ್ಣಾ!" ಎಂದು ಕೂಗಿದ.

ಅವಳು ನೀರಿನ ಬಾಟಲಿ, ಬಟ್ಟೆ ಹಿಡಿದು ಗಾಡಿಯ ಮುಂದೆ ಹೋದಳು. ಏನು ಮಾಡಬೇಕೆಂದು ಆಗಲೂ ತೋಚಿರಲಿಲ್ಲ. ಬಾಟಲಿಯ ನೀರು ನೆಲಕ್ಕೆ ಸುರಿಯಿತು, ಬಗ್ಗಿ ಕೆಸರು ಬಾಚಿದಳು, ಮೂತಿಯ ಮೇಲಿನ ಕ್ಯಾಮೆರಾಕ್ಕೆ ಮೆತ್ತಿದಳು. ಆಮೇಲೆ ರೆಕ್ಕೆಗಳ ಕಡೆಗೆ ಹೋಗಿ ಒಂದೊಂದಕ್ಕೂ ಮೆತ್ತಿದಳು. ಇಷ್ಟು ದಿನ ಕಣ್ಣೊರೆಸಿದವಳು ಕಣ್ಣಿಗೆ ಮಣ್ಣೆರಚುತ್ತಿದ್ದೇನಲ್ಲ ಎನ್ನಿಸಿ, ಆ ಸಂಕಟದಲ್ಲೂ ನಗು ಬಂದಂತಾಯಿತು.

ಗಾಡಿಯೊಳಗಿದ್ದ ಗಂಡ ಎಂಜಿನ್ ಚಾಲೂ ಮಾಡಿದ. ಒಳಗಿನ ಪರದೆ ಕೆಂಪಾಗಿ ಕೂಗತೊಡಗಿತು. ಗಾಡಿ ಕದಲಲಿಲ್ಲ.

"ಏನಾಯ್ತೇ ಇದಕ್ಕೆ? ಒರೆಸಿದ್ಯಾ?"

"ಪರದೆ ಮೇಲೆ ಬರ್ದಿದೆ ನೋಡಿ."

ಅವನು ಕತ್ತನ್ನು ಆ ಕಡೆ ಓರೆ ಮಾಡಿದ, ಈ ಕಡೆ ಓರೆ ಮಾಡಿದ. "ಬಿಸಿಲು ಹೊಡೀತಿದೆ, ಕಾಣ್ತಿಲ್ಲ," ಎಂದ.

ಬಿಸಿಲು ಎಲ್ಲಿಯೂ ಇರಲಿಲ್ಲ. ಅವಳು ಮೆಟ್ಟಿಲು ಹತ್ತಿ ಅವನ ಭುಜದ ಪಕ್ಕ ನಿಂತು, ಶಾಲೆಯ ಕರಿಹಲಗೆಯ ಮೇಲಿನ ಅಕ್ಷರಗಳಷ್ಟು ದೊಡ್ಡದಾಗಿ ಬರೆದದ್ದನ್ನು ನಿಧಾನವಾಗಿ ಓದಿದಳು. "ಮುಂದೆ ಕಾಣುತ್ತಿಲ್ಲ. ಗಾಡಿ ನಿಲ್ಲಿಸಿ."

ಅವನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ.

"ಯಾವಾಗಿಂದ ರೀ?"

"ಇದಕ್ಕೆ ಕಾಣ್ತಿತ್ತಲ್ಲ," ಎಂದ ಅವನು. "ಅದಕ್ಕೇ... ನಡೆದುಹೋಗುತ್ತೆ ಅಂದ್ಕೊಂಡೆ."

"ನಿನ್ನೆ ಚಕ್ರದ ಮುಂದೆ ನಾನಿದ್ದೆ. ಕೈ ಬೀಸ್ದೆ."

ಸ್ಟೀರಿಂಗ್ ಮೇಲಿದ್ದ ಅವನ ಕೈ ಸುಟ್ಟಂತೆ ಹಿಂದಕ್ಕೆ ಬಂತು. ಅವಳ ಕಡೆಗೆ ಮುಖ ತಿರುಗಿಸಿದ, ಅವಳ ಮುಖವನ್ನು ಹುಡುಕುತ್ತಿರುವವನಂತೆ ಕತ್ತು ಓರೆ ಮಾಡಿದ. ಅದನ್ನು ನೋಡಲಾಗದೆ ಅವಳು ಕೆಳಗಿಳಿದು ನಿಂತಳು. ಮುಂದೆ ಸಾಲಿನಲ್ಲಿ ಅಕ್ಕ, ಪಕ್ಕದವಳು ಹೇಳಿದ ಯಾವುದೋ ಮಾತಿಗೆ, ಹೊಲವೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ಮೇಸ್ತ್ರಿ ಏನಾಯಿತೆಂದು ಕೇಳುತ್ತ ಬದುವಿನ ಮೇಲೆ ಬರುತ್ತಿದ್ದ.

ಎಂಜಿನ್ ನಿಂತಿತು. ಅವನು ಕೀಲಿ ಕಿತ್ತು, ಬಾಗಿಲಿನಿಂದ ಹೊರಗೆ ಬಗ್ಗಿ, ಅವಳಿಗೆಂದು ಕೈ ಚಾಚಿದ. ಕೈ ಚಾಚಿದ ಕಡೆ ಅವಳಿರಲಿಲ್ಲ. ಕೆಸರಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅವನ ಕೈ ಇದ್ದ ಜಾಗಕ್ಕೆ ಸರಿದು ನಿಂತು, ಕೀಲಿ ತೆಗೆದುಕೊಂಡಳು.