ಮೂವತ್ತೊಂದು ಹುಣಸೆಬೀಜ

ನಾನು ಒಂದು ಬೆತ್ತ. ಮೂರೂವರೆ ಅಡಿ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಕಾಡಿನಲ್ಲಿ ಮುಳ್ಳು ಹೊದ್ದು ನನ್ನ ಪಾಡಿಗೆ ಬೆಳೆಯುತ್ತಿದ್ದೆ. ಕಡಿದರು, ಸಿಪ್ಪೆ ಸುಲಿದರು, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದರು. ಮೊದಲು ನೋವುಂಡದ್ದು ನಾನೇ. ಆದರೆ ಆಮೇಲೆ ನಾನು ಮಾಡಿದ್ದಕ್ಕೆ ಅದನ್ನು ನೆಪವಾಗಿ ಹೇಳುವುದಿಲ್ಲ.

ನನ್ನ ಮೊದಲ ಯಜಮಾನರು ಕೊಪ್ಪಳದ ಕಡೆಯ ಒಂದು ಗರಡಿಮನೆಯ ವಸ್ತಾದ ಮಾಬುಸಾಬರು. ನನ್ನ ತುದಿಯಿಂದ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದರು, ಪೈಲ್ವಾನರ ಪಾದ ಮುಟ್ಟಿ ಕಾಲು ಎಲ್ಲಿ ಊರಬೇಕೆಂದು ತೋರಿಸುತ್ತಿದ್ದರು. ಹನ್ನೆರಡು ವರ್ಷ ನಾನು ಯಾರ ಮೈಮೇಲೂ ಬೀಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಬೇಸರವಾಗಿತ್ತು. ಬೆತ್ತವಾಗಿ ಹುಟ್ಟಿ ಗೆರೆ ಎಳೆಯುವ ಕೆಲಸವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಶಿಷ್ಯ ನೀಲನಗೌಡ ಮಾಸ್ತರರ ಕೈಗೆ ಬಂದೆ. ಊರಿಗೆ ಹೊಸದಾಗಿ ಹುಡುಗಿಯರ ಕುಸ್ತಿ ಹಾಸ್ಟೆಲು ಬಂದಿತ್ತು, ಮಾಸ್ತರರೇ ತರಬೇತುದಾರರು. ಅಲ್ಲಿ ನನ್ನ ಆಸೆ ತೀರಿತು, ಬೇಕಾದ್ದಕ್ಕಿಂತ ಹೆಚ್ಚೇ ತೀರಿತು. ಮಾಸ್ತರರದು ಒಂದು ಕಟ್ಟಳೆ ಇತ್ತು. ಹೊಡೆತ ತಿನ್ನುವವಳೇ ಗಟ್ಟಿಯಾಗಿ ಎಣಿಸಬೇಕು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಮೀನಖಂಡದ ಮೇಲೆ, ಬೆನ್ನಿನ ಮೇಲೆ ಬಿದ್ದೆ. ಚರ್ಮ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಕೆಂಪಗೆ ಬಾಸುಂಡೆ ಏಳುತ್ತದೆ, ಅದರ ಮೇಲೆ ಮತ್ತೆ ಬಿದ್ದರೆ ಒಡೆಯುತ್ತದೆ. ಆಯುಧಪೂಜೆಯ ದಿನ ಅದೇ ಹುಡುಗಿಯರು ನನಗೆ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಅವರಲ್ಲಿ ಹುಲಿಗೆವ್ವ ಎಂಬವಳಿದ್ದಳು. ಹದಿನೈದು ವರ್ಷ. ತನಗಿಂತ ಹತ್ತು ಕಿಲೋ ಹೆಚ್ಚಿನವಳನ್ನು ಸೊಂಟ ಹಿಡಿದು ಎತ್ತಿ ಒಗೆಯುತ್ತಿದ್ದಳು. ಇವಳು ರಾಜ್ಯ ಕುಸ್ತಿ ಗೆಲ್ಲುತ್ತಾಳೆಂದು ಮಾಸ್ತರರು ಕಂಡವರಿಗೆಲ್ಲ ಹೇಳುತ್ತಿದ್ದರು. ಜಿಲ್ಲಾ ಕುಸ್ತಿಯಲ್ಲಿ ಅವಳು ಒಂದೇ ಅಂಕದಿಂದ ಸೋತಳು. ಹಾಸ್ಟೆಲಿನ ಅಂಗಳಕ್ಕೆ ಬಂದದ್ದೇ ಮಾಸ್ತರರು ‘ಎಣಸು’ ಎಂದರು. ಹದಿನೇಳರ ತನಕ ಎಣಿಸಿದಳು. ಉಸಿರು ಸಿಕ್ಕಿಹಾಕಿಕೊಂಡಿತು, ಹದಿನೆಂಟು ಬಾಯಿಂದ ಹೊರಡಲಿಲ್ಲ. ಮತ್ತೆ ಒಂದರಿಂದ ಶುರು. ಆರನೆಯದಕ್ಕೆ ತಡೆಯಲಾರದೆ ಕೈ ಹಿಂದಕ್ಕೆ ತಂದಳು. ಅವಳ ಕಿರುಬೆರಳಿನ ಎಲುಬು ಮುರಿದದ್ದು ನನ್ನ ಮೈಗೆ ಗೊತ್ತಾಯಿತು. ಮಾರನೆಯ ದಿನ ಬಟ್ಟೆಯ ಚೀಲ ಹಿಡಿದು ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಅವಳೊಬ್ಬಳೇ ಅಲ್ಲ, ಒಬ್ಬೊಬ್ಬರಾಗಿ ಎಲ್ಲರೂ ಹೋಗತೊಡಗಿದರು. ಹುಡುಗಿಯರು ಆಟ ಯಾಕೆ ಬಿಡುತ್ತಾರೆ ಎಂದು ಸಂಶೋಧನೆ ಮಾಡಲು ಸುಮಿತ್ರಾ ಬೆಣಕಲ್ ಎಂಬಾಕೆ ಬಂದರು. ಉಳಿದವರನ್ನು ಸಾಲಾಗಿ ಕೂರಿಸಿ ಪ್ರಶ್ನೆಗಳ ಹಾಳೆ ಹಂಚಿದರು. ಮಾಸ್ತರರು ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. ಗೆಳತಿಯರು ಹೋದದ್ದೇಕೆ ಎಂಬ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಬರೆದರು: ಮನೆಯಲ್ಲಿ ಒಪ್ಪಲಿಲ್ಲ. ವರದಿಯಲ್ಲೂ ಅದೇ ಬಂತು. ತಂದೆತಾಯಿಗೆ ತಿಳಿವಳಿಕೆ ಕೊಡಬೇಕೆಂದು ಮೇಲಿನವರು ಹೇಳಿದರು. ಮಾಸ್ತರರು ನನ್ನನ್ನು ಹಿಡಿದೇ ಊರೂರು ತಿರುಗಿ ಭಾಷಣ ಮಾಡಿದರು. ಆ ವರ್ಷ ಇನ್ನೂ ಹನ್ನೊಂದು ಮಂದಿ ಬಿಟ್ಟರು. ನಲವತ್ತು ಹಾಸಿಗೆಯ ಹಾಸ್ಟೆಲಿನಲ್ಲಿ ಒಂಬತ್ತೇ ಹುಡುಗಿಯರು ಉಳಿದರು. ಮುಚ್ಚುವ ಮಾತು ಬಂತು.

ಸುಮಿತ್ರಾ ಎರಡನೆಯ ಸಲ ಬಂದಾಗ ಅವರ ಮುಖ ಸಣ್ಣದಾಗಿತ್ತು.

“ಸರ, ಹ್ವಾದ ಸಲ ಪ್ರಶ್ನಿ ಕೇಳಿದಾಕಿ ನಾನು,” ಎಂದರು. “ಉತ್ತರ ಬರಿಸಿದ್ದು ನಿಮ್ಮ ಬೆತ್ತ.”

ಮಾಸ್ತರರು ನಕ್ಕುಬಿಟ್ಟರು. ಬೇಕಾದರೆ ಬೆತ್ತವನ್ನು ಹೊರಗಿಟ್ಟೇ ಕೇಳಿರಿ ಎಂದರು. ಹಾಸ್ಟೆಲು ಬಂದಾಗಿನಿಂದ ಬಿಟ್ಟುಹೋದ ನಲವತ್ತಾರು ಹುಡುಗಿಯರನ್ನು ಸುಮಿತ್ರಾ ಮನೆಮನೆಗೆ ಹೋಗಿ ಕರೆತಂದರು. ಕೋಣೆಯಲ್ಲಿ ಪರದೆಯ ಹಿಂದೆ ಐದು ಗಡಿಗೆ ಇಟ್ಟರು. ಒಂದೊಂದರ ಮೇಲೆ ಒಂದೊಂದು ಚಿತ್ರ: ಬೇಡವೆನ್ನುವ ಮನೆಯವರು, ತಾಳಿ, ಆಡಿಕೊಳ್ಳುವ ಜನ, ಬಾಗಿಲಿಲ್ಲದ ಬಚ್ಚಲು. ಐದನೆಯದರ ಮೇಲೆ ನಾನು. ನನ್ನ ಚಿತ್ರವನ್ನು ಯಾರಾದರೂ ಬರೆದದ್ದು ಅದೇ ಮೊದಲು. ಒಬ್ಬೊಬ್ಬಳಿಗೆ ಒಂದೊಂದು ಹುಣಸೆಬೀಜ. ಯಾವ ಕಾರಣಕ್ಕೆ ಬಿಟ್ಟಳೋ ಆ ಗಡಿಗೆಗೆ ಹಾಕಬೇಕು. ಮಾಸ್ತರರು ಗೇಟಿನಾಚೆ ಹೋಗುವಾಗ ನನ್ನನ್ನು ಆ ಕೋಣೆಯ ಗೋಡೆಯ ಮೊಳೆಯಿಂದ ತೆಗೆದುಕೊಳ್ಳಲು ಮರೆತಿದ್ದರು. ಮೊದಲ ಹುಡುಗಿ ನನ್ನನ್ನು ಕಂಡು ಹಿಂದೆ ಸರಿದಳು. ಸುಮಿತ್ರಾ ತಮ್ಮ ವೇಲನ್ನು ನನ್ನ ಮೇಲೆ ಮುಚ್ಚಿದರು.

ಬಟ್ಟೆಯೊಳಗಿಂದ ನನಗೆ ಕೇಳಿಸಿದ್ದು ಬೀಜ ಬೀಳುವ ಸದ್ದು ಮಾತ್ರ. ನನ್ನ ಗಡಿಗೆ ಮೊಳೆಯ ಕೆಳಗೇ ಇತ್ತು.

ಕೊನೆಗೆ ಸುಮಿತ್ರಾ ಮಾಸ್ತರರನ್ನು ಒಳಗೆ ಕರೆದು ನೀವೇ ಎಣಿಸಿ ಎಂದರು. ಮಾಸ್ತರರು ಗಟ್ಟಿಯಾಗಿ ಎಣಿಸಿದರು. ಬಚ್ಚಲಿನದು ಆರು, ಮನೆಯವರದು ನಾಲ್ಕು, ತಾಳಿಯದು ಮೂರು, ಜನರದು ಎರಡು. ಐದನೆಯ ಗಡಿಗೆಗೆ ಬಂದಾಗ ಇಪ್ಪತ್ತರ ಹೊತ್ತಿಗೆ ದನಿ ಇಳಿಯಿತು. ಮೂವತ್ತೊಂದಕ್ಕೆ ಅಲ್ಲೇ ನೆಲಕ್ಕೆ ಕುಳಿತರು. ನನಗೆ ನಾಚಿಕೆಯಾಯಿತು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಮಾರನೆಯ ದಿನ ಮಾಸ್ತರರು ನನ್ನನ್ನು ಹಿಡಿದು ಹುಲಿಗೆವ್ವನ ಮನೆಗೆ ಹೋದರು. ಅವಳು ಹಿತ್ತಲಲ್ಲಿ ಅವರೆ ಬೀಜ ಊರುತ್ತಿದ್ದಳು. ಹಾಸ್ಟೆಲಿಗೆ ಬಾ, ಇನ್ನು ಕೈ ಮಾಡುವುದಿಲ್ಲ ಎಂದು ಮಾಸ್ತರರು ತಡವರಿಸುತ್ತ ಹೇಳಿದರು. ಹುಲಿಗೆವ್ವ ಎದ್ದು ನಿಂತಳು.

“ಬೆತ್ತ ಕೊಡ್ರಿ,” ಎಂದಳು. ಕೊಟ್ಟರು. “ಕೈ ಚಾಚ್ರಿ.”

ಚಾಚಿದರು. ಅವಳು ನನ್ನನ್ನು ತಲೆಯ ಮೇಲೆತ್ತಿದಳು. ಸುಳ್ಳು ಹೇಳುವುದಿಲ್ಲ, ಬೀಳಬೇಕೆಂದು ನನ್ನ ಮೈಯೆಲ್ಲ ತವಕಿಸಿತು. ಕಣ್ಣು ಮುಚ್ಚಿಕೊಂಡು ಮಾಸ್ತರರು “ಒಂದು” ಎಂದರು.

ನಾನಿನ್ನೂ ಮೇಲೆಯೇ ಇದ್ದೆ.

“ಇನ್ನಾ ಬಿದ್ದಿಲ್ರೀ ಸರ,” ಎಂದಳು ಹುಲಿಗೆವ್ವ. ನನ್ನನ್ನು ಕೆಳಗಿಳಿಸಿದಳು. “ಸೋಮವಾರ ಬರ್ತೀನಿ. ಇದು ಇಲ್ಲೇ ಇರಲಿ.”

ನನ್ನನ್ನು ಅವರೆಯ ಪಾತಿಯಲ್ಲಿ ನೆಟ್ಟಳು. ಅಂದಿನಿಂದ ಇಲ್ಲೇ ಇದ್ದೇನೆ. ಬುಡಕ್ಕೆ ಗೆದ್ದಲು ಹತ್ತಿದೆ, ಮೈತುಂಬ ಬಳ್ಳಿ ಸುತ್ತಿದೆ. ಹಾಸ್ಟೆಲಿನಲ್ಲಿ ಈಗಲೂ ತಿಂಗಳಿಗೊಮ್ಮೆ ಪರದೆಯ ಹಿಂದೆ ಗಡಿಗೆ ಇಡುತ್ತಾರಂತೆ, ಬಚ್ಚಲಿಗೆ ಬಾಗಿಲು ಬಂದಿದೆಯಂತೆ, ಹಾಸಿಗೆಗಳು ಮತ್ತೆ ತುಂಬಿವೆಯಂತೆ. ಇದೆಲ್ಲ ಹುಲಿಗೆವ್ವನ ತಾಯಿ ಪಕ್ಕದ ಮನೆಯವರಿಗೆ ಹೇಳುವಾಗ ಕೇಳಿಸಿಕೊಂಡದ್ದು. ಅಷ್ಟು ವರ್ಷ ಅಷ್ಟು ಮೈಗಳ ಮೇಲೆ ಬಿದ್ದೆ, ಒಬ್ಬಳಿಗೂ ಒಂದು ಪಟ್ಟು ಕಲಿಸಲಿಲ್ಲ. ಕಲಿಸಿದ್ದೇನಾದರೂ ಇದ್ದರೆ ಮಾಬುಸಾಬರ ಕೈಯಲ್ಲಿ ಗೆರೆ ಎಳೆಯುತ್ತಿದ್ದಾಗ.

ರಜೆಗೆ ಬಂದಾಗ ಹುಲಿಗೆವ್ವ ನನ್ನ ಮೈಮೇಲಿನ ಅವರೆಕಾಯಿ ಕೊಯ್ಯುತ್ತಾಳೆ. ರಾಜ್ಯ ಕುಸ್ತಿ ಗೆದ್ದ ಕೈ ಅದು. ನಾಲ್ಕು ಬೆರಳು ಮಡಚುತ್ತವೆ, ಡೊಂಕಾದ ಕಿರುಬೆರಳು ಮಾತ್ರ ಮಡಚದೆ ಹೊರಗೇ ನಿಲ್ಲುತ್ತದೆ. ನನ್ನನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ್ದರು. ಆ ಬೆರಳನ್ನು ಇನ್ನು ಯಾರೂ ನೆಟ್ಟಗೆ ಮಾಡಲಾರರು.