ಕ್ರೋಮಿಯಂ ಇಲ್ಲದ ಕೊಳವೆ

ಬುಟಿಬೋರಿಯ ಲೋಹ ಪರೀಕ್ಷಾ ಪ್ರಯೋಗಾಲಯದಲ್ಲಿ ರಂಜನಿ ಅದೇ ಉಕ್ಕಿನ ತುಂಡಿಗೆ ಮತ್ತೊಮ್ಮೆ ಕಿಡಿ ಹೊಡೆಸಿದಳು. ಕಿಡಿಯ ಬೆಳಕನ್ನು ಯಂತ್ರ ಬಣ್ಣಬಣ್ಣವಾಗಿ ಬಿಡಿಸಿ, ಯಾವ ಧಾತು ಎಷ್ಟಿದೆಯೆಂದು ತೆರೆಯ ಮೇಲೆ ತೋರಿಸಿತು. ಈ ಸಲವೂ ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ.

ತುಂಡು ಬಂದದ್ದು ಹತ್ತಿರದ ಕಾಗದದ ಕಾರ್ಖಾನೆಯಿಂದ. ಅಲ್ಲಿ ಬಾಯ್ಲರಿಗೆ ಹೊಸ ಕೊಳವೆಗಳನ್ನು ಕೂರಿಸಿ, ಉರಿಯನ್ನೂ ಹಾಕಿ, ಉಳಿದ ತುಂಡನ್ನು ಶಾಸ್ತ್ರಕ್ಕೆಂದು ಪರೀಕ್ಷೆಗೆ ಕಳಿಸಿದ್ದರು. ಕ್ರೋಮಿಯಂ ಇಲ್ಲದ ಉಕ್ಕು ಆ ಶಾಖಕ್ಕೆ ಮೆತ್ತಗಾಗುತ್ತದೆ, ಉಬ್ಬುತ್ತದೆ, ಕೊನೆಗೆ ಸಿಡಿಯುತ್ತದೆ. ಈಗ ಆ ಬಾಯ್ಲರಿನ ಮುಂದೆ ಪಾಳಿಯಲ್ಲಿದ್ದವನು ಅವಳ ಗಂಡ ವಿಜಯೇಂದ್ರ.

ಮ್ಯಾನೇಜರ್ ಖೋಬ್ರಾಗಡೆ ನೋಡಿ, ಮೊದಲು ಯಂತ್ರವನ್ನೇ ಪರೀಕ್ಷಿಸು ಎಂದರು. ಯಾವ ಧಾತು ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಮಾದರಿಯನ್ನಿಟ್ಟು ನೋಡಿದಳು. ಯಂತ್ರ ಸರಿಯಾಗಿಯೇ ಇತ್ತು. ವರದಿ ಇ-ಮೇಲಿನಲ್ಲಿ ಹೋಯಿತು. ಭಾನುವಾರವಾದ್ದರಿಂದ ಕಾರ್ಖಾನೆಯ ಕಚೇರಿಯಲ್ಲಿ ಫೋನ್ ಎತ್ತುವವರಿರಲಿಲ್ಲ. ಪಾಳಿಯವರು ಮೊಬೈಲನ್ನು ಹೊರಗೇ ಇಟ್ಟು ಹೋಗಬೇಕು. ನಾಳೆ ನೋಡೋಣ, ಗಿರಾಕಿಯ ವಿಷಯದಲ್ಲಿ ನಾವು ಓಡಾಡುವುದು ಸರಿಯಲ್ಲ ಎಂದು ಖೋಬ್ರಾಗಡೆ ಎದ್ದರು.

ರಂಜನಿ ಕೋಟು ಕಳಚದೆಯೇ ಆಟೋ ಹತ್ತಿದಳು.

ಗೇಟಿನವನು ಹೇಳಿ ಕಳಿಸಿದ ಮೇಲೆ ವಿಜಯೇಂದ್ರ ಬೆವರು ಒರೆಸಿಕೊಳ್ಳುತ್ತ ಬಂದ. ಬಾಯ್ಲರ್ ನಿಂತರೆ ಇಡೀ ಕಾರ್ಖಾನೆ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

ಅವಳು ಕೊಳವೆಯ ವಿಷಯ ಹೇಳಿದಾಗ, "ಪಕ್ಕಾ ಐತೇನು?" ಎಂದ.

"ನಂದ ತಪ್ಪಾಗಿದ್ರ ನನ್ನ ನೌಕರಿ ಹೋಗ್ಲಿ. ನೀವು ಜಲ್ದಿ ಬೆಂಕಿ ಆರಸ್ರಿ."

ಅವನು ಬೆಂಕಿ ಆರಿಸಲು ಒಳಗೆ ಹೋದ. ಅಷ್ಟು ದೊಡ್ಡ ಉರಿ ಒಮ್ಮೆಲೇ ಆರುವುದಿಲ್ಲ. ರಂಜನಿ ಗೇಟಿನೆದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಳು. ತುಂಡನ್ನು ಸರಿಯಾಗಿ ಉಜ್ಜಿದ್ದೆನೇ? ಬೇರೆಯವರ ತುಂಡು ಕೈಗೆ ಬಂದಿತ್ತೇ? ಹಬೆ ಹೊರಬಿಟ್ಟ ಸದ್ದು ಗುಡುಗಿನಂತೆ ಎದ್ದಾಗ ಬಾಯ್ಲರ್ ಸಿಡಿದೇ ಹೋಯಿತೆಂದುಕೊಂಡಳು. ಅಂಗಡಿಯವನು ನಿರಾಳವಾಗಿ ಹಾಲು ಕಾಸುತ್ತಲೇ ಇದ್ದ.

ಬಾಯ್ಲರ್ ತಣ್ಣಗಾದ ಮೇಲೆ, ಕೈಯಲ್ಲಿ ಹಿಡಿಯುವ ಯಂತ್ರದಿಂದ ಕೊಳವೆಗಳನ್ನೆಲ್ಲ ಪರೀಕ್ಷಿಸಿದರು. ಒಂದರ ಹಿಂದೊಂದು ಸರಿಯಾಗಿರುವುದು ಕಂಡು ಕಾರ್ಖಾನೆಯವರು ಸಿಟ್ಟಾದರು, ವಿಜಯೇಂದ್ರ ತಲೆ ತಗ್ಗಿಸಿದ. ಮೂಲೆಯ ಕೊಳವೆಯಲ್ಲಿ ಮಾತ್ರ ಕ್ರೋಮಿಯಂ ಇರಲಿಲ್ಲ. ಅದರ ಹೊಟ್ಟೆ ಬೆರಳಿಗೆ ತಿಳಿಯುವಷ್ಟು ಉಬ್ಬಿತ್ತು.

ರಂಜನಿಯ ನೌಕರಿ ಉಳಿಯಿತು, ಕೇಳದೆ ಓಡಿದ್ದಕ್ಕೆ ಖೋಬ್ರಾಗಡೆಯವರಿಂದ ಬೈಗುಳವೂ ಬಂತು. ಕೊಳವೆ ಬದಲಾಗಿ ಮತ್ತೆ ಉರಿ ಹಾಕುವ ದಿನ ವಿಜಯೇಂದ್ರ ಪಾಳಿಗೆ ಹೊರಟ.

"ಹೊಸಾದು ಯಾರು ನೋಡಿದ್ರು?" ಎಂದು ಅವಳು ಕೇಳಿದಳು.

"ನೀನ ನೋಡೀಯಲ್ಲ, ನಿನ್ನೆ," ಎಂದು ಅವನು ಚಪ್ಪಲಿ ಮೆಟ್ಟಿದ.

ಹೌದು, ಹೊಸ ಕೊಳವೆಯ ತುಂಡಿಗೂ ಅವಳೇ ಕಿಡಿ ಹೊಡೆಸಿ ನೋಡಿದ್ದಳು. ಆದರೂ ಅವನು ಮನೆಗೆ ಬರುವವರೆಗೆ ಅವಳಿಗೆ ಅನ್ನ ಸೇರಲಿಲ್ಲ.